ಆಸ್ಪತ್ರೆಯ ಸೋಡಾ ಲೈಮ್ ರೀಬ್ರೀದರ್‌ಗೆ ಹಾಕಬಹುದೇ?

ಪ್ರಶ್ನೆ: ನಾನು ಹಾಸನದವನು. ಆರು ವರ್ಷದಿಂದ ಸ್ಕಾಟ್ಲೆಂಡಿನಲ್ಲಿ ಕೆಲಸದಲ್ಲಿದ್ದೇನೆ. ಕಳೆದ ವರ್ಷ ಡೈವಿಂಗ್‌ಗೆ ಅಂತ ಒಂದು ಸೆಕೆಂಡ್ ಹ್ಯಾಂಡ್ ರೀಬ್ರೀದರ್ ಕೊಂಡೆ, ತರಬೇತಿಯನ್ನೂ ಮುಗಿಸಿದೆ. ಇಂಗಾಲದ ಡೈಆಕ್ಸೈಡ್ ಹೀರುವ ಸೋರ್ಬ್ ಬಗ್ಗೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮ್ಯಾನ್ಯುಯಲ್‌ನಲ್ಲಿ 1ರಿಂದ 2.5 ಮಿ.ಮೀ. ಸಣ್ಣ ಕಾಳಿನದು ಹಾಕಿ ಅಂತ ಇದೆ. ಆಸ್ಪತ್ರೆಯಲ್ಲಿರುವ ಗೆಳೆಯರೊಬ್ಬರು ಅರಿವಳಿಕೆ ಯಂತ್ರದ ಸೋಡಾ ಲೈಮ್ ಕೊಡಿಸುತ್ತೇನೆ ಅನ್ನುತ್ತಾರೆ. ಅದು ಮುಗಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತದಂತೆ. ಹಾಗಾದರೆ ಅದೇ ಜಾಸ್ತಿ ಸುರಕ್ಷಿತ ಅಲ್ವಾ? ಇನ್ನೊಂದು ವಿಷಯ. ಮೂರು ವಾರದ ಹಿಂದೆ 70 ನಿಮಿಷ ಬಳಸಿದ ಸೋರ್ಬ್ ಇನ್ನೂ ಯಂತ್ರದಲ್ಲೇ ಇದೆ. ಮುಂದಿನ ತಿಂಗಳು ಮುಳುಗಿದ ಹಡಗುಗಳಿರುವ ಸ್ಕಾಪಾ ಫ್ಲೋ ಕೊಲ್ಲಿಗೆ ಹೊರಟಿದ್ದೇವೆ. ಆಳ 38 ಮೀಟರ್, ನೀರು 9 ಡಿಗ್ರಿ. ಅಲ್ಲಿ ಅದನ್ನೇ ಬಳಸಬಹುದೇ? ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಅಂಡಮಾನ್‌ಗೂ ಹೋಗುವ ಆಸೆ. ಸೋರ್ಬ್ ಅನ್ನು ವಿಮಾನದಲ್ಲಿ ತರಲು ಆಗುತ್ತದೆಯೇ?

ಉತ್ತರ: ಮೊದಲು ಅವಸರದ ಮಾತು. ಮೂರು ವಾರದಿಂದ ಯಂತ್ರದಲ್ಲಿ ಕೂತಿರುವ ಸೋರ್ಬ್ ಅನ್ನು ಇವತ್ತೇ ತೆಗೆದು ಎಸೆಯಿರಿ. ಆಸ್ಪತ್ರೆಯದು ಬೇಡ ಅಂತ ಗೆಳೆಯರಿಗೂ ಹೇಳಿಬಿಡಿ. ಯಾಕೆ ಅನ್ನುವುದನ್ನು ಈಗ ನಿಧಾನವಾಗಿ ನೋಡೋಣ.

ನಾನು ಅರಿವಳಿಕೆ ವೈದ್ಯ. ಬೆಳಗ್ಗೆ ಆಪರೇಷನ್ ಥಿಯೇಟರ್‌ಗೆ ಹೋದ ಕೂಡಲೇ ನೋಡುವ ವಸ್ತುಗಳಲ್ಲಿ ಸೋಡಾ ಲೈಮ್ ಡಬ್ಬಿಯೂ ಒಂದು. ರಜೆ ಸಿಕ್ಕಾಗ ರೀಬ್ರೀದರ್ ಬೆನ್ನಿಗೆ ಹಾಕಿಕೊಂಡು ನೀರಿಗೆ ಇಳಿಯುತ್ತೇನೆ. ಹಾಗಾಗಿ ನಿಮ್ಮ ಗೆಳೆಯರ ಸಲಹೆ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಎರಡೂ ಕಡೆ ಡಬ್ಬಿಯೊಳಗಿರುವ ರಾಸಾಯನಿಕ ಹೆಚ್ಚುಕಡಿಮೆ ಒಂದೇ. ಅದಕ್ಕೆ ನಾವು ಕೊಡುವ ಕೆಲಸ ಮಾತ್ರ ತುಂಬಾ ಬೇರೆ.

ರೀಬ್ರೀದರ್ ಕಂಡಿರದ ಓದುಗರಿಗೆ ಎರಡು ಮಾತು. ಸಾಮಾನ್ಯ ಸ್ಕೂಬಾದಲ್ಲಿ ಬಿಟ್ಟ ಉಸಿರು ಗುಳ್ಳೆಯಾಗಿ ಮೇಲೆ ಹೋಗುತ್ತದೆ. ರೀಬ್ರೀದರ್‌ನಲ್ಲಿ ಅದೇ ಉಸಿರು ಕೊಳವೆಗಳ ಸುತ್ತು ಹೊಡೆದು ಮತ್ತೆ ಬಾಯಿಗೆ ಬರುತ್ತದೆ. ಖರ್ಚಾದಷ್ಟು ಆಮ್ಲಜನಕವನ್ನು ಯಂತ್ರ ಸೇರಿಸುತ್ತದೆ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ಅನ್ನು ಸ್ಕ್ರಬ್ಬರ್ ಎಂಬ ಡಬ್ಬಿ ತೆಗೆಯುತ್ತದೆ. ಆಮ್ಲಜನಕದ ಲೆಕ್ಕಕ್ಕೆ ಸಾಮಾನ್ಯವಾಗಿ ಮೂರು ಸೆನ್ಸರ್ ಇರುತ್ತವೆ. ಇಂಗಾಲದ ಡೈಆಕ್ಸೈಡ್‌ಗೆ ಬಹಳಷ್ಟು ಯಂತ್ರಗಳಲ್ಲಿ ಕಾವಲು ಅಂತ ಇರುವುದು ಆ ಡಬ್ಬಿಯೊಳಗಿನ ಎರಡು ಎರಡೂವರೆ ಕೆ.ಜಿ. ಸೋರ್ಬ್ ಮಾತ್ರ.

ಸೋರ್ಬ್ ಅಂದರೆ ಮುಖ್ಯವಾಗಿ ನಮ್ಮ ಸುಣ್ಣವೇ. ಎಲೆಗೆ ಹಚ್ಚುವ, ಗೋಡೆಗೆ ಬಳಿಯುವ ಅದೇ ಸುಣ್ಣ. ಗೋಡೆಗೆ ಬಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಶಾಲೆಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದಾಗ ಅದು ಹಾಲಿನ ಹಾಗೆ ಬೆಳ್ಳಗಾದದ್ದು ನೆನಪಿದೆಯಲ್ಲ, ಅದೂ ಇದೇ ಕ್ರಿಯೆ. ಗೋಡೆಯ ಮೇಲೆ ದಿನಗಟ್ಟಲೆ ಆಗುವುದು ಸ್ಕ್ರಬ್ಬರ್‌ನಲ್ಲಿ ಒಂದೇ ಉಸಿರಿನಲ್ಲಿ ಆಗಬೇಕು. ಅದಕ್ಕಾಗಿ ಎರಡು ವಸ್ತು ಸೇರಿಸುತ್ತಾರೆ. ನೂರಕ್ಕೆ ಹದಿನೈದರ ಮೇಲೆ ನೀರು, ಮೂರು ನಾಲ್ಕು ಪಾಲು ಸೋಡಿಯಂ ಹೈಡ್ರಾಕ್ಸೈಡ್. ಅನಿಲ ಮೊದಲು ಕಾಳಿನ ಮೇಲಿನ ನೀರಿನ ಪೊರೆಯಲ್ಲಿ ಕರಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಅದನ್ನು ಥಟ್ಟನೆ ಹಿಡಿದು ಸುಣ್ಣದ ಕೈಗೆ ದಾಟಿಸುತ್ತದೆ. ತಾನು ಮತ್ತೆ ಮೊದಲಿನಂತಾಗಿ ಮುಂದಿನದನ್ನು ಹಿಡಿಯುತ್ತದೆ. ಈ ಕೈಬದಲಿನಲ್ಲಿ ಶಾಖವೂ ಹುಟ್ಟುತ್ತದೆ, ನೀರೂ ಹುಟ್ಟುತ್ತದೆ. ಒಣಗಿದ ಸೋರ್ಬ್ ಕೆಲಸಕ್ಕೆ ಬಾರದು ಅನ್ನುವುದು ಇದರಿಂದಲೇ ತಿಳಿಯುತ್ತದೆ.

ಈಗ ಒಂದು ಊದಿನಕಡ್ಡಿ ನೆನಪಿಸಿಕೊಳ್ಳಿ. ಉರಿಯುವ ಕೆಂಡ ಒಂದು ಕಡೆಯಿಂದ ಮೆಲ್ಲಗೆ ಸರಿಯುತ್ತದೆ. ಹಿಂದೆ ಬೂದಿ, ಮುಂದೆ ಇನ್ನೂ ಉರಿಯದ ಕಡ್ಡಿ. ಸ್ಕ್ರಬ್ಬರ್ ಒಳಗೂ ಹಾಗೆಯೇ. ಕ್ರಿಯೆ ನಡೆಯುವ ಬಿಸಿ ಪಟ್ಟಿಯೊಂದು ಉಸಿರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಸರಿಯುತ್ತದೆ. ಪಟ್ಟಿಯ ಮುಂತುದಿ ಡಬ್ಬಿಯ ಕೊನೆ ಮುಟ್ಟಿತು ಅಂದರೆ ಇಂಗಾಲದ ಡೈಆಕ್ಸೈಡ್ ತಪ್ಪಿಸಿಕೊಂಡು ನಿಮ್ಮ ಬಾಯಿಗೆ ಬರಲು ಶುರು. ಆಗಲೂ ಡಬ್ಬಿಯಲ್ಲಿ ಬಳಕೆಯಾಗದ ಸುಣ್ಣ ಬೇಕಾದಷ್ಟು ಉಳಿದಿರುತ್ತದೆ. ಒಂದು ಕೆ.ಜಿ. ಸೋರ್ಬ್ ಬರೀ ಲೆಕ್ಕದ ಪ್ರಕಾರ 250 ಲೀಟರ್‌ನಷ್ಟು ಹೀರಬೇಕು. ನೀರೊಳಗೆ ಅಷ್ಟು ಯಾವತ್ತೂ ಸಿಗುವುದಿಲ್ಲ. ಪಟ್ಟಿ ತೆಳ್ಳಗಿದ್ದಷ್ಟೂ ನಿಮಗೆ ಸಮಯ ಜಾಸ್ತಿ. ಅದು ಅಗಲವಾದಷ್ಟೂ ಕಡಿಮೆ. ಚಳಿ, ಆಳ, ಜೋರು ಈಜು, ದೊಡ್ಡ ಕಾಳು ನಾಲ್ಕೂ ಪಟ್ಟಿಯನ್ನು ಅಗಲ ಮಾಡುತ್ತವೆ. ನಿಮ್ಮ ಪ್ರಶ್ನೆಯಲ್ಲಿ ಇವುಗಳಲ್ಲಿ ಮೂರು ಇವೆ: ಚಳಿ, ಆಳ, ದೊಡ್ಡ ಕಾಳು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಣ್ಣದ ವಿಷಯಕ್ಕೆ ಬರೋಣ. ಆಸ್ಪತ್ರೆಯ ಸೋಡಾ ಲೈಮ್‌ನಲ್ಲಿ ಸಾಮಾನ್ಯವಾಗಿ ಎಥೈಲ್ ವಯಲೆಟ್ ಎಂಬ ಬಣ್ಣ ಬೆರೆಸಿರುತ್ತಾರೆ. ಕಾಳಿನ ಕ್ಷಾರಗುಣ ಇಳಿದಾಗ ಬಿಳಿ ನೇರಳೆಯಾಗುತ್ತದೆ. ನಿಜ. ಆದರೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ಬಣ್ಣ ಮಾಸಿ ಮತ್ತೆ ಬೆಳ್ಳಗೆ ಕಾಣಬಹುದು. ಸಂಜೆ ನೇರಳೆಯಾಗಿದ್ದ ಡಬ್ಬಿ ಬೆಳಗ್ಗೆ ಹೊಸದರ ಹಾಗೆ ಕಂಡದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಸುಣ್ಣ ಮಾತ್ರ ಮುಗಿದೇ ಇರುತ್ತದೆ. ಥಿಯೇಟರ್‌ನಲ್ಲಿ ಡಬ್ಬಿ ಪಾರದರ್ಶಕ, ಕಣ್ಣೆದುರಿಗೇ ಇರುತ್ತದೆ. ನಿಮ್ಮದು ಬೆನ್ನ ಹಿಂದೆ, ಮುಚ್ಚಿದ ಕವಚದೊಳಗೆ. ನೀರಿನಲ್ಲಿ ನೋಡುವುದಾದರೂ ಹೇಗೆ?

ಇದಕ್ಕಿಂತ ದೊಡ್ಡ ವಿಷಯ ಒಂದಿದೆ. ಅರಿವಳಿಕೆ ವೈದ್ಯರು ಬಣ್ಣ ನಂಬಿ ರೋಗಿಯನ್ನು ಮಲಗಿಸುವುದಿಲ್ಲ. ನಮ್ಮ ಕಣ್ಣು ಕ್ಯಾಪ್ನೋಗ್ರಾಫ್ ಮೇಲೆ ಇರುತ್ತದೆ. ಪ್ರತಿ ಉಸಿರಿನಲ್ಲೂ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಅಂತ ಅದು ಪರದೆ ಮೇಲೆ ಗೆರೆ ಎಳೆಯುತ್ತದೆ. ಸೋಡಾ ಲೈಮ್ ಸೋತರೆ ಗೆರೆ ತಳ ಮುಟ್ಟುವುದಿಲ್ಲ. ಅಷ್ಟು ಹೊತ್ತಿಗೆ ನಾವು ಡಬ್ಬಿ ಬದಲಿಸಿಯೂ ಆಗಿರುತ್ತದೆ. ಮಲಗಿರುವ ರೋಗಿ ನಿಮಿಷಕ್ಕೆ ಬಿಡುವುದು ಸುಮಾರು 200 ಮಿ.ಲೀ. ಇಂಗಾಲದ ಡೈಆಕ್ಸೈಡ್. ಹರಿವಿನ ವಿರುದ್ಧ ಕಾಲು ಬಡಿಯುವ ಡೈವರ್ ಒಂದೂವರೆ ಲೀಟರ್ ಬಿಡುತ್ತಾನೆ. ಏಳೆಂಟು ಪಟ್ಟು ಜಾಸ್ತಿ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಬಳಸುವ ಕಾಳು 2.5ರಿಂದ 5 ಮಿ.ಮೀ. ಅಷ್ಟು ನಿಧಾನದ ಹರಿವಿಗೆ ಅದು ಸಾಕು. ನಿಮ್ಮ ಯಂತ್ರಕ್ಕೆ ಅದನ್ನು ಹಾಕಿದರೆ ಅನಿಲ ಕಾಳುಗಳ ಸಂದಿಯಲ್ಲೇ ಹಾದುಹೋಗುತ್ತದೆ. ಕಾಳು ಸಣ್ಣದಾದಷ್ಟೂ ಮೈ ಜಾಸ್ತಿ, ಹೀರುವುದು ಬೇಗ. ತೀರಾ ಸಣ್ಣದಾದರೆ ಉಸಿರೆಳೆಯುವುದೇ ಕಷ್ಟ. ಈ ಎರಡರ ನಡುವೆ ನಿಮ್ಮ ಡಬ್ಬಿಗೆ ಹೊಂದುವ ಗಾತ್ರವನ್ನು ತಯಾರಕರು ಅಳೆದು ಹೇಳಿದ್ದಾರೆ. ಕೆಲವು ಯಂತ್ರಗಳಿಗೆ ದೊಡ್ಡ ಕಾಳನ್ನೇ ಹೇಳಿರುವುದೂ ಉಂಟು. ಅಲ್ಲಿ ಅದು ಸರಿ. ನಿಮ್ಮದಕ್ಕೆ ಸಣ್ಣದು.

‘ಸ್ವಲ್ಪ ಹೆಚ್ಚುಕಡಿಮೆ ಅಷ್ಟೇ ತಾನೇ’ ಅನ್ನಿಸಬಹುದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಡಾ. ಸೈಮನ್ ಮಿಚೆಲ್ ಅವರ ಗುಂಪು ಇದನ್ನು ಅಳೆದು 2016ರಲ್ಲಿ ಪ್ರಕಟಿಸಿತು. ಅವರೂ ಅರಿವಳಿಕೆ ವೈದ್ಯರು, ಡೈವರ್ ಕೂಡ. ಒಂದೇ ಬಗೆಯ ರೀಬ್ರೀದರ್‌ಗೆ ಒಮ್ಮೆ ಡೈವಿಂಗ್ ದರ್ಜೆಯ ಸೋಫ್ನೋಲೈಮ್ 797, ಇನ್ನೊಮ್ಮೆ ಆಸ್ಪತ್ರೆ ಕಡೆಯಿಂದ ಬಂದ ಸ್ಫೆರಾಸೋರ್ಬ್ ಹಾಕಿ ನೋಡಿದರು. ಎರಡನೆಯದು ಬಾಳಿದ ಸಮಯ ಸುಮಾರು ಮೂರನೇ ಒಂದು ಭಾಗ ಕಡಿಮೆ. ಸ್ಫೆರಾಸೋರ್ಬ್ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಒಂದು ಸೋರ್ಬ್‌ನ ನಿಮಿಷಗಳನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವಂತಿಲ್ಲ ಅಂತ ಅರ್ಥ. ಮೂರು ಗಂಟೆ ಅಂದುಕೊಂಡದ್ದು ಎರಡು ಗಂಟೆಗೇ ಮುಗಿದರೆ, ಡಿಕಂಪ್ರೆಶನ್ (ಮೇಲೆ ಬರುವಾಗ ನಡುನಡುವೆ ನಿಲ್ಲಬೇಕಾದ ಹೊತ್ತು) ಬಾಕಿ ಇರುವಾಗ ಏನು ಮಾಡುತ್ತೀರಿ?

ಇನ್ನೊಂದು ನಂಬಿಕೆ ಬಹಳ ಕಡೆ ಕೇಳಿದ್ದೇನೆ. ನೀರಿಗೆ ಇಳಿಯುವ ಮೊದಲು ಐದು ನಿಮಿಷ ದೋಣಿಯಲ್ಲೇ ಕೂತು ಉಸಿರಾಡಿ, ಸೋರ್ಬ್ ಸರಿ ಇಲ್ಲದಿದ್ದರೆ ಗೊತ್ತಾಗುತ್ತೆ ಅನ್ನುತ್ತಾರೆ. ಇದನ್ನೂ ಅದೇ ಊರಿನಲ್ಲಿ 20 ಜನರ ಮೇಲೆ ಪರೀಕ್ಷಿಸಿ 2015ರಲ್ಲಿ ಬರೆದರು. ಡಬ್ಬಿಯಲ್ಲಿ ಸೋರ್ಬ್ ಇಲ್ಲವೇ ಇಲ್ಲ ಅಂದಾಗ 15 ಜನರಿಗೆ ಏನೋ ಸರಿಯಿಲ್ಲ ಅನ್ನಿಸಿ ನಿಲ್ಲಿಸಿದರು. ಉಳಿದ ಐವರು ಐದು ನಿಮಿಷವೂ ಉಸಿರಾಡುತ್ತಲೇ ಇದ್ದರು. ಸ್ಕ್ರಬ್ಬರ್ ಅರ್ಧಂಬರ್ಧ ಕೆಟ್ಟಿದ್ದಾಗ ಗುರುತಿಸಿದವರು ಇಬ್ಬರೇ. ನಿಮ್ಮ ಮೂರು ವಾರದ ಸೋರ್ಬ್ ಸೇರುವುದು ಈ ಎರಡನೇ ಗುಂಪಿಗೆ. ಆ ಐದು ನಿಮಿಷ ಬೇಡ ಅನ್ನುತ್ತಿಲ್ಲ. ಆಮ್ಲಜನಕದ ವ್ಯವಸ್ಥೆ ಸರಿಯಿದೆಯೇ ನೋಡಲು ಅದು ಬೇಕೇ ಬೇಕು. ಸೋರ್ಬ್‌ನ ಪರೀಕ್ಷೆ ಅಂತ ಮಾತ್ರ ಅದನ್ನು ಎಣಿಸಬೇಡಿ.

ತಲೆನೋವು ಬಂದಾಗ ನೋಡಿಕೊಂಡರಾಯಿತು ಅನ್ನುವವರಿಗೆ ನನ್ನದೇ ಅನುಭವ ಹೇಳುತ್ತೇನೆ. ಕೆಂಪು ಸಮುದ್ರದಲ್ಲಿ ಒಂದು ದೋಣಿ ಪ್ರವಾಸ. ನಾನು ಒಯ್ದಿದ್ದ ಸೋರ್ಬ್ ನಾಲ್ಕನೇ ದಿನ ಮುಗಿಯಿತು. ದೋಣಿಯವರು ಪ್ಲಾಸ್ಟಿಕ್ ಡಬ್ಬವೊಂದರಿಂದ ಸುರಿದುಕೊಟ್ಟರು. ಡಬ್ಬದ ಮೇಲೆ ಹೆಸರಿಲ್ಲ, ದಿನಾಂಕವಿಲ್ಲ. ಕಾಳು ಕೈಗೆ ಹಗುರವಾಗಿ, ಒಣಗಿದಂತೆ ತಾಗಿತು. ಗುಂಪು ಕಾಯುತ್ತಿತ್ತು, ತುಂಬಿಬಿಟ್ಟೆ. 30 ಮೀಟರ್ ಆಳದಲ್ಲಿ, 50ನೇ ನಿಮಿಷದ ಹೊತ್ತಿಗೆ ಹರಿವಿನ ವಿರುದ್ಧ ಈಜುತ್ತಿದ್ದೆ. ತಲೆನೋವು ಬರಲಿಲ್ಲ. ಬಂದದ್ದು ಉಸಿರು ಸಾಲದ ಭಾವ. ಎಷ್ಟು ಎಳೆದರೂ ಸಾಲದು. ಜೊತೆಗೆ ಕಾರಣವಿಲ್ಲದ ಭಯ. ರೀಬ್ರೀದರ್ ಕೈಕೊಟ್ಟರೆ ಉಸಿರಾಡಲು ಒಯ್ಯುವ ಬೇಲ್‌ಔಟ್ ಸಿಲಿಂಡರ್‌ನ ಬಾಯಿ ಎದೆಯ ಮೇಲೇ ಇತ್ತು. ಆದರೆ ಅದಕ್ಕೆ ಬದಲಾಯಿಸಲು ಒಂದು ಕ್ಷಣ ಉಸಿರು ಹಿಡಿಯಬೇಕಲ್ಲ, ಆ ಒಂದು ಕ್ಷಣ ನನ್ನಿಂದ ಆಗುವುದಿಲ್ಲ ಅನ್ನಿಸಿಬಿಟ್ಟಿತ್ತು. ಪಕ್ಕದವರು ಕಣ್ಣು ನೋಡಿ ಕೈಹಿಡಿದು ಬದಲಾಯಿಸಿದರು. ಬೇಲ್‌ಔಟ್‌ಗೆ ಬಂದ ಮೇಲೂ ಉಸಿರು ಹದಕ್ಕೆ ಬರಲು ಎಷ್ಟೋ ನಿಮಿಷ ಹಿಡಿಯಿತು. ಇಪ್ಪತ್ತು ವರ್ಷ ಈ ಅನಿಲದ ಬಗ್ಗೆ ವಿದ್ಯಾರ್ಥಿಗಳಿಗೆ ಪಾಠ ಮಾಡಿದವನಿಗೂ ಅದು ಮುಂಚಿತವಾಗಿ ಹೇಳಿ ಬರಲಿಲ್ಲ. ನಿಮ್ಮ ಯಂತ್ರಕ್ಕೆ ಬೇಲ್‌ಔಟ್ ವಾಲ್ವ್ ಇಲ್ಲದಿದ್ದರೆ ಅದನ್ನು ಹಾಕಿಸಿ. ಬಾಯಿ ಬದಲಿಸದೆ ಒಂದು ತಿರುವಿನಲ್ಲಿ ದಾಟಬಹುದು.

ಹಾಗಂತ ಎಲ್ಲ ತಪ್ಪೂ ಸೋರ್ಬ್‌ನದೇ ಅಲ್ಲ. ಆಳದಲ್ಲಿ ಅನಿಲ ದಟ್ಟವಾಗುತ್ತದೆ. ಅದನ್ನು ಎಳೆದು ಬಿಡುವುದೇ ಶ್ವಾಸಕೋಶಕ್ಕೆ ಕೆಲಸ. ಉಸಿರು ಹೊರಗೆ ಸರಿಯಾಗಿ ಹೋಗದಿದ್ದರೆ ಸ್ಕ್ರಬ್ಬರ್ ಹೊಸದಿದ್ದರೂ ಇಂಗಾಲದ ಡೈಆಕ್ಸೈಡ್ ದೇಹದಲ್ಲೇ ಉಳಿಯುತ್ತದೆ. ಆಸ್ಟ್ರೇಲಿಯಾದ ಡೈವರ್ ಡೇವ್ ಶಾ 2005ರ ಜನವರಿ 8ರಂದು ದಕ್ಷಿಣ ಆಫ್ರಿಕಾದ ಬುಷ್‌ಮನ್ಸ್ ಹೋಲ್ ಎಂಬ ನೀರು ತುಂಬಿದ ಗುಹೆಯಲ್ಲಿ ಸುಮಾರು 270 ಮೀಟರ್ ಆಳದಲ್ಲಿ ತೀರಿಕೊಂಡರು. ಅದಕ್ಕೂ ಹತ್ತು ವರ್ಷ ಮೊದಲು ಅಲ್ಲಿ ಸತ್ತ ಯುವಕನ ದೇಹ ತರಲು ಹೋಗಿದ್ದರು. ಆ ಆಳದ ದಟ್ಟ ಅನಿಲದಲ್ಲಿ ಮೈಮುರಿದು ಕೆಲಸ ಮಾಡಿದ್ದೇ ಇಂಗಾಲದ ಡೈಆಕ್ಸೈಡ್ ಏರಲು ಕಾರಣ ಎಂದು ತಿಳಿದವರು ವಿವರಿಸಿದ್ದಾರೆ. ನಿಮ್ಮ 38 ಮೀಟರ್ ಅದಕ್ಕೆ ಹೋಲಿಕೆಯಲ್ಲ. ಆದರೂ ಲೆಕ್ಕ ಮಾಡಿ. ಅನಿಲದ ದಟ್ಟಣೆ ಲೀಟರಿಗೆ 5.2 ಗ್ರಾಂ ಒಳಗಿರಲಿ, 6.2 ದಾಟಲೇಬಾರದು ಅನ್ನುವುದು ಈಗಿನ ಸಲಹೆ. ಡೈಲ್ಯುಯೆಂಟ್ (ಆಮ್ಲಜನಕದ ಜೊತೆ ಯಂತ್ರ ಬೆರೆಸುವ ಅನಿಲ) ಆಗಿ ಬರೀ ಗಾಳಿ ಬಳಸಿದರೆ 38 ಮೀಟರ್‌ನಲ್ಲಿ ನೀವು 6ರ ಹತ್ತಿರ ಇರುತ್ತೀರಿ. ಟ್ರೈಮಿಕ್ಸ್ ತರಬೇತಿ ಆಗಿದ್ದರೆ ಹೀಲಿಯಂ ಬೆರೆಸಿ. ಆಗಿಲ್ಲದಿದ್ದರೆ ಈ ಸಲ 30 ಮೀಟರ್ ಒಳಗಿನ ಜಾಗ ಆರಿಸಿಕೊಳ್ಳಿ. ಸ್ಕಾಪಾ ಫ್ಲೋನಲ್ಲಿ ಜರ್ಮನರು 1919ರಲ್ಲಿ ಮುಳುಗಿಸಿದ ಹಡಗುಗಳು ನೂರು ವರ್ಷ ಕಾದಿವೆ, ಇನ್ನೊಂದು ವರ್ಷ ಕಾಯುತ್ತವೆ.

ಈಗ ಯಾವುದನ್ನು ಕೊಳ್ಳುವುದು? ನಿಮ್ಮ ಮ್ಯಾನ್ಯುಯಲ್ ಹೆಸರಿಸಿರುವ ಸೋರ್ಬ್ ಅನ್ನೇ, ಅದೇ ದರ್ಜೆಯಲ್ಲಿ. ಇದು ಕಂಪನಿಯ ಮೇಲಿನ ಮೋಹದ ಮಾತಲ್ಲ. ಮ್ಯಾನ್ಯುಯಲ್‌ನ ನಿಮಿಷಗಳು ಆ ಡಬ್ಬಿ, ಆ ಸೋರ್ಬ್, ಆ ಚಳಿ ಮೂರೂ ಸೇರಿದಾಗ ಸಿಕ್ಕ ನಿಮಿಷಗಳು. ಯುರೋಪಿನ ಇಎನ್ 14143 ಮಾನದಂಡದ ಪರೀಕ್ಷೆಯಲ್ಲಿ 40 ಮೀಟರ್ ಆಳ, 4 ಡಿಗ್ರಿ ನೀರು, ನಿಮಿಷಕ್ಕೆ 40 ಲೀಟರ್ ಉಸಿರಾಟ, 1.6 ಲೀಟರ್ ಇಂಗಾಲದ ಡೈಆಕ್ಸೈಡ್ ಇಟ್ಟು ನೋಡುತ್ತಾರೆ. ಒಳಗೆಳೆಯುವ ಉಸಿರಿನಲ್ಲಿ ಅದರ ಒತ್ತಡ 5 ಮಿಲಿಬಾರ್ ಮುಟ್ಟಿದ ಕೂಡಲೇ ಗಡಿಯಾರ ನಿಲ್ಲಿಸುತ್ತಾರೆ. ಮ್ಯಾನ್ಯುಯಲ್‌ನಲ್ಲಿ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಅಂಕಿ, ತಣ್ಣೀರಿಗೆ ಒಂದು ಚಿಕ್ಕ ಅಂಕಿ ಇದ್ದರೆ, 9 ಡಿಗ್ರಿಗೆ ನೀವು ಚಿಕ್ಕದನ್ನೇ ಹಿಡಿಯಿರಿ. ಸೋಫ್ನೋಲೈಮ್ 797, ಡ್ರೇಗರ್‌ನವರ ಡೈವ್‌ಸೋರ್ಬ್ ಎರಡೂ ಡೈವಿಂಗ್‌ಗೆಂದೇ ಮಾಡಿದವು. ಎರಡೂ ಒಳ್ಳೆಯವೇ. ನಿಮ್ಮ ಯಂತ್ರ ಯಾವುದರಲ್ಲಿ ಪರೀಕ್ಷೆಯಾಗಿದೆ ಅನ್ನುವುದೇ ಮುಖ್ಯ.

ಕಾಳಿನ ಬದಲು ಸುರುಳಿ ಸುತ್ತಿದ ಹಾಳೆಯಂತಹ ಕಾರ್ಟ್ರಿಡ್ಜ್‌ಗಳೂ ಇವೆ. ಎಕ್ಸ್‌ಟೆಂಡ್‌ಏರ್ ಅನ್ನುವುದು ಹಾಗೆ. ತುಂಬುವಾಗ ಕೈತಪ್ಪುವ ಚಿಂತೆ ಇಲ್ಲ, ಧೂಳಿಲ್ಲ. ಖರ್ಚು ಜಾಸ್ತಿ, ಅದಕ್ಕೆಂದೇ ಮಾಡಿದ ಡಬ್ಬಿ ಇರುವ ಯಂತ್ರಕ್ಕೆ ಮಾತ್ರ ಸರಿ. ಲಿಥಿಯಂ ಹೈಡ್ರಾಕ್ಸೈಡ್ ಹಗುರ, ಚಳಿಯಲ್ಲೂ ಚುರುಕು. ಅದರ ಧೂಳು ಗಂಟಲನ್ನು ಸುಡುತ್ತದೆ, ಬೆಲೆಯೂ ವಿಪರೀತ. ಹವ್ಯಾಸಿಗಳಿಗೆ ಅದು ಬೇಡ. ಬಾಹ್ಯಾಕಾಶದಲ್ಲಿ ಅದನ್ನೇ ಬಳಸಿದರು. 1970ರ ಅಪೊಲೊ 13ರಲ್ಲಿ ಒಂದು ನೌಕೆಯ ಡಬ್ಬಿ ಚೌಕ, ಇನ್ನೊಂದರ ಜಾಗ ದುಂಡು. ಒಳ್ಳೆ ಸೋರ್ಬ್ ಕೈಯಲ್ಲಿದ್ದೂ ಹೊಂದಲಿಲ್ಲ. ಕಾರ್ಡ್‌ಬೋರ್ಡ್, ಅಂಟುಪಟ್ಟಿ ಸೇರಿಸಿ ಜೋಡಿಸಿಕೊಂಡು ಗಗನಯಾತ್ರಿಗಳು ಬದುಕಿದರು.

ಬಳಸಿದ ಸೋರ್ಬ್ ವಿಷಯ. ಆಕ್ಲೆಂಡ್‌ನವರು 2018ರಲ್ಲಿ ಇದನ್ನೂ ನೋಡಿದ್ದಾರೆ. ಸ್ವಲ್ಪ ಬಳಸಿದ ಡಬ್ಬಿಯನ್ನು ಗಾಳಿಯಾಡದಂತೆ ಮುಚ್ಚಿ 28 ದಿನ ಇಟ್ಟಾಗ ನಷ್ಟ ಹೇಳಿಕೊಳ್ಳುವಷ್ಟು ಇರಲಿಲ್ಲ. ತೆರೆದಿಟ್ಟದ್ದು ಮಾತ್ರ ಬೇಗ ಮುಗಿಯಿತು. ನಿಮ್ಮದು ಯಂತ್ರದಲ್ಲಿ ಹೇಗಿತ್ತು ಅಂತ ನೀವು ಬರೆದಿಲ್ಲ. ಕೊಳವೆ ಬಿಚ್ಚಿ ಒಣಗಲು ಹಾಕಿದ್ದರೆ ಡಬ್ಬಿಯೂ ತೆರೆದೇ ಇತ್ತು ಅಂತ ಲೆಕ್ಕ. ಒಂದು ಡೈವ್‌ನ ಸೋರ್ಬ್ ಬೆಲೆಗಾಗಿ ಈ ಊಹೆ ಬೇಡ. ಒಂದೇ ದಿನ ಎರಡು ಡೈವ್‌ಗೆ ಅದೇ ತುಂಬನ್ನು ಬಳಸುವುದು ಮ್ಯಾನ್ಯುಯಲ್ ಒಪ್ಪಿದರೆ ಸರಿ, ಒಟ್ಟು ನಿಮಿಷ ಮೀರದಿದ್ದರೆ ಸಾಕು. ಆದರೆ ಅರ್ಧ ಬಳಸಿದ್ದನ್ನು ಸುರಿದು, ಮತ್ತೆ ತುಂಬಬೇಡಿ. ಊದಿನಕಡ್ಡಿಯ ಬೂದಿಯನ್ನೂ ಉಳಿದ ಕಡ್ಡಿಯನ್ನೂ ಪುಡಿಮಾಡಿ ಬೆರೆಸಿದ ಹಾಗೆ ಆಗುತ್ತದೆ.

ಡಬ್ಬಿಯ ಮುಚ್ಚಳಕ್ಕೆ ಒಂದು ಟೇಪ್ ಅಂಟಿಸಿ. ತುಂಬಿದ ದಿನಾಂಕ, ಪ್ರತಿ ಡೈವ್‌ನ ನಿಮಿಷ ಅದರ ಮೇಲೆ ಬರೆಯಿರಿ. ಆಮ್ಲಜನಕ ಎಷ್ಟು ಖರ್ಚಾಯಿತು ಅಂತಲೂ ಬರೆದರೆ ಇನ್ನೂ ಒಳ್ಳೆಯದು. ದೇಹ ಬಳಸಿದ ಆಮ್ಲಜನಕಕ್ಕಿಂತ ಸ್ವಲ್ಪ ಕಡಿಮೆ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. 3 ಲೀಟರ್ ಸಿಲಿಂಡರ್‌ನಲ್ಲಿ ಒತ್ತಡ 40 ಬಾರ್ ಇಳಿದಿದ್ದರೆ ಸುಮಾರು 120 ಲೀಟರ್ ಆಮ್ಲಜನಕ ಹೋಗಿದೆ. ಯಾವತ್ತಿಗಿಂತ ಜಾಸ್ತಿ ಇಳಿದಿದ್ದರೆ ನೀವು ಜಾಸ್ತಿ ದುಡಿದಿದ್ದೀರಿ, ಸೋರ್ಬ್ ಕೂಡ ದುಡಿದಿದೆ. ಕೆಲವು ಯಂತ್ರಗಳಲ್ಲಿ ಬಿಸಿ ಪಟ್ಟಿ ಎಲ್ಲಿದೆ ಅಂತ ತೋರಿಸುವ ತಾಪಮಾನದ ಕಡ್ಡಿ ಇರುತ್ತದೆ. ಅದು ಒಳ್ಳೆಯ ಸಾಧನ, ಇದ್ದರೆ ಗಮನಿಸಿ. ಆದರೆ ಅನಿಲ ಬದಿಯಿಂದ ನುಸುಳಿ ಬಂದರೆ ಅದಕ್ಕೆ ಕಾಣುವುದಿಲ್ಲ.

ಹಾಗೆ ನುಸುಳುವುದಕ್ಕೆ ಕಾರಣ ತುಂಬುವ ರೀತಿ. ಸಡಿಲವಾಗಿ ತುಂಬಿದರೆ ಕಾಳು ಒಂದು ಬದಿಗೆ ಕೂತು ಇನ್ನೊಂದು ಬದಿಯಲ್ಲಿ ದಾರಿಯಾಗುತ್ತದೆ. ಹೊರಗೆ, ಗಾಳಿಗೆ ಬೆನ್ನು ಕೊಟ್ಟು ನಿಂತು ಮೆಲ್ಲಗೆ ಸುರಿಯಿರಿ, ಧೂಳು ಹಾರಿಹೋಗಲಿ. ಮನೆಯಲ್ಲಿ ಡಬ್ಬಕ್ಕೆ ರಾಗಿ ತುಂಬುವಾಗ ಬದಿ ತಟ್ಟುತ್ತೇವಲ್ಲ, ಹಾಗೆ ಅರ್ಧಕ್ಕೊಮ್ಮೆ ತಟ್ಟಿ. ತುಂಬಿದ ಮೇಲೆ ತೂಗಿ. ಪ್ರತಿ ಸಲ ತೂಕ ಒಂದೇ ಬರಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸದ್ದು ಬರಬಾರದು. ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ) ತನ್ನ ಜಾಗದಲ್ಲಿದೆಯೇ ಕೈಯಿಂದ ಮುಟ್ಟಿ ನೋಡಿ. ಲೂಪ್‌ನ, ಅಂದರೆ ಉಸಿರು ಸುತ್ತುವ ಕೊಳವೆಗಳ, ಒತ್ತಡದ ಪರೀಕ್ಷೆಗಳನ್ನು ಬಿಡಬೇಡಿ. ನೀರು ನುಗ್ಗಿ ಸೋರ್ಬ್ ತೊಯ್ದರೆ ಕ್ಷಾರದ ನೀರು ಬಾಯಿಗೆ ಬರುತ್ತದೆ. ಆಗ ಬೇಲ್‌ಔಟ್‌ಗೆ ಹೋಗಿ, ಬಾಯಿಯನ್ನು ನೀರಿನಿಂದ ಮತ್ತೆ ಮತ್ತೆ ತೊಳೆಯಿರಿ. ಸಮುದ್ರದ ನೀರಾದರೂ ಸರಿ.

ಸೋರ್ಬ್ ಡ್ರಮ್ ಅನ್ನು ನಿಮ್ಮ ಗ್ಯಾರೇಜಿನಲ್ಲಿ ಇಡುತ್ತೀರೇನೋ. ಸ್ಕಾಟ್ಲೆಂಡಿನ ಚಳಿಗಾಲದಲ್ಲಿ ಅಲ್ಲಿ ಸೊನ್ನೆಗಿಂತ ಕೆಳಗೆ ಹೋಗಬಹುದು. ಕಾಳಿನೊಳಗಿನ ನೀರು ಹೆಪ್ಪುಗಟ್ಟಿದರೆ ಕಾಳು ಒಡೆದು ಪುಡಿಯಾಗುತ್ತದೆ. ಮನೆಯೊಳಗೆ ಇಡಿ, ತೆಗೆದ ಕೂಡಲೇ ಮುಚ್ಚಳ ಬಿಗಿ ಮಾಡಿ.

ವಿಮಾನದ ಪ್ರಶ್ನೆ ಉಳಿಯಿತು. ಸೋಡಿಯಂ ಹೈಡ್ರಾಕ್ಸೈಡ್ ನೂರಕ್ಕೆ 4ಕ್ಕಿಂತ ಜಾಸ್ತಿ ಇರುವ ಸೋಡಾ ಲೈಮ್ ಅಂತಾರಾಷ್ಟ್ರೀಯ ನಿಯಮದಲ್ಲಿ ಅಪಾಯಕಾರಿ ಸರಕು. ಅದಕ್ಕಿಂತ ಕಡಿಮೆ ಇದ್ದರೆ ಆ ಪಟ್ಟಿಗೆ ಸೇರುವುದಿಲ್ಲ. ಡೈವಿಂಗ್ ಸೋರ್ಬ್‌ಗಳು ಸಾಮಾನ್ಯವಾಗಿ 4ರ ಒಳಗೇ ಇರುತ್ತವೆ. ಆದರೂ ಬಿಳಿ ಕಾಳು ತುಂಬಿದ ಚೀಲ ಕಂಡರೆ ವಿಮಾನ ನಿಲ್ದಾಣದಲ್ಲಿ ತಡೆಯುವುದು ಸಹಜ. ತಯಾರಕರ ಸುರಕ್ಷತಾ ಹಾಳೆಯನ್ನು ಮುದ್ರಿಸಿ ಜೊತೆಗಿಡಿ. ವಿಮಾನ ಕಂಪನಿಗೆ ಮೊದಲೇ ಬರೆದು, ಒಪ್ಪಿಗೆಯ ಉತ್ತರವನ್ನು ಕಾಗದದಲ್ಲಿ ಇಟ್ಟುಕೊಳ್ಳಿ. ಒಡೆಯದ ಮೂಲ ಪ್ಯಾಕ್‌ನಲ್ಲೇ ತನ್ನಿ, ಬೇರೆ ಡಬ್ಬಕ್ಕೆ ಸುರಿಯಬೇಡಿ. ಅಂಡಮಾನ್‌ನಲ್ಲಿ ನಿಮ್ಮ ದರ್ಜೆಯ ಸೋರ್ಬ್ ಮತ್ತು ಶುದ್ಧ ಆಮ್ಲಜನಕ ಎರಡೂ ಸಿಗುವುದು ಖಚಿತವಾಗದಿದ್ದರೆ ಆ ಸಲ ಯಂತ್ರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ಅಲ್ಲಿನ ಬೆಚ್ಚಗಿನ ತಿಳಿನೀರಿಗೆ ಸಾಮಾನ್ಯ ಸಿಲಿಂಡರ್ ಸಾಕು.